ಶಿಕಾಗೋದ ಸೂಟಿ

ಲೆಕ್ಕ ಬರೆಯಲು ತನ್ನ ಊರಲ್ಲಿ ಜನ ಸಿಗದೆ ಶಿಕಾಗೋದ ಆಡಿಟ್ ಕಂಪನಿಯೊಂದು ಹುಬ್ಬಳ್ಳಿಯಲ್ಲಿ ಆಫೀಸು ತೆರೆದಿತ್ತು. ಶಿವಲೀಲಾ ಅಲ್ಲಿ ಸಣ್ಣ ಪಗಾರದ ಅಕೌಂಟೆಂಟು. ಫೋನ್ ಮಾಡಿದ ಗಿರಾಕಿಗಳಿಗೆ ತಾನೂ ಶಿಕಾಗೋದಲ್ಲೇ ಇದ್ದೇನೆ ಅನ್ನಬೇಕು. ಅದು ಮ್ಯಾನೇಜರ್ ಇನಾಮದಾರರ ಕಟ್ಟಪ್ಪಣೆ.

ದೀಪಾವಳಿಗೆ ರಜೆ ಕೇಳಿದಳು. "ಶಿಕಾಗೋದಾಗ ಎಲ್ಲಿ ದೀಪಾವಳಿ?" ಅಂದರು ಇನಾಮದಾರರು. ಹಬ್ಬದ ರಾತ್ರಿ ಅವಳ ಮಗಳು ಅಮ್ಮನ ದಾರಿ ಕಾದು, ಸುರಸುರಬತ್ತಿ ಕೈಯಲ್ಲಿ ಹಿಡಿದೇ ಮಲಗಿಬಿಟ್ಟಿದ್ದಳು.

ಕ್ರಿಸ್‌ಮಸ್ ಬಂತು. ಶಿಕಾಗೋದ ಆಫೀಸಿಗೆ ಬೀಗ ಬಿತ್ತು. "ಅದು ಅವರ ಹಬ್ಬ. ನೀವು ಬರ್ರಿ," ಅಂದರು ಇನಾಮದಾರರು. ಶಿವಲೀಲಾ ಹೋಗಲಿಲ್ಲ. ಇನಾಮದಾರರ ಫೋನ್ ಬಂತು.

"ಎಲ್ಲಿದ್ದೀರಿ?"

"ಶಿಕಾಗೋದಾಗ ಅದೀನ್ರಿ ಸರ್. ಇಲ್ಲಿ ಇವತ್ತ ಸೂಟಿ."

ಆ ಕಡೆಯಿಂದ ಹಲ್ಲು ಕಡಿದ ದನಿ: "ಇವತ್ತಿನ ಪಗಾರ ಕಟ್ ಮಾಡ್ತೀನಿ."

"ಮಾಡ್ರಿ ಸರ್. ಹೆಂಗೂ ಪಗಾರ ಕೊಡೂಮುಂದ ಅಷ್ಟ ನಾ ಹುಬ್ಬಳ್ಳಿಯಾಕಿ ಆಗತೀನಲ್ರಿ."