ಹೊಳೆಯಾಚೆ ಒಡೆದ ಬಾದಾಮಿ

ಆ ಬೆಳಿಗ್ಗೆಯೂ ಅಳಿಲಮ್ಮ ಎಂದಿನಂತೆ ಕಾಡುಬಾದಾಮಿಯ ಗಟ್ಟಿ ಕಾಯಿಯೊಂದನ್ನು ಕಟಕಟನೆ ಕಡಿಯುತ್ತಿದ್ದಳು. ಆಗ ಆಚೆ ದಡದ ಆನೆ ಹೊಳೆ ದಾಟಿ ಬಂದಿತು.

“ಒಂದು ಕಾಯಿಗೆ ಇಷ್ಟು ಹೊತ್ತೇ, ಅಳಿಲಮ್ಮ? ಕಾಯಿಗಳನ್ನೆಲ್ಲ ನನಗೆ ಕೊಡಿ. ನಮ್ಮ ಕಾಡಿನಲ್ಲಿ ತುಳಿದು ಒಡೆದು, ತಿರುಳನ್ನು ನಿಮ್ಮ ಬಾಗಿಲಿಗೇ ತರುತ್ತೇನೆ. ಅರ್ಧ ನಿಮಗೆ, ಅರ್ಧ ನನಗೆ.”

“ಆನೆರಾಯರೇ, ಕಡಿಯುವುದು ನಮ್ಮ ಕುಲದ ಕೆಲಸ.”

“ಕೆಲಸವೋ, ಶಿಕ್ಷೆಯೋ? ಮಕ್ಕಳನ್ನೇ ಕೇಳಿ.”

“ಶಿಕ್ಷೆ!” ಎಂದು ಪೊಟರೆಯೊಳಗಿಂದ ಮರಿಗಳು ಕೂಗಿದವು. ಅಳಿಲಮ್ಮ ನಕ್ಕು ಒಪ್ಪಿಕೊಂಡಳು.

ಮಳೆಗಾಲ ಮುಗಿಯುವವರೆಗೂ ಮೆತ್ತನೆಯ ತಿರುಳು ತಪ್ಪದೆ ಬಂದಿತು. ಮರಿಗಳು ಮೈತುಂಬಿಕೊಂಡವು. ಆದರೆ ಅಳಿಲಿನ ಹಲ್ಲು ಸದಾ ಬೆಳೆಯುವಂಥದ್ದು, ಕಡಿದರಷ್ಟೇ ಸವೆಯುತ್ತದೆ.

ಒಂದು ದಿನ ಆನೆ ಹೇಳಿತು: “ಇನ್ನು ಮುಂದೆ ನಾಲ್ಕರಲ್ಲಿ ಒಂದು ಪಾಲು ಮಾತ್ರ ನಿಮಗೆ.”

“ಇದು ನ್ಯಾಯವಲ್ಲ. ನಮ್ಮ ಕಾಯಿಯನ್ನು ನಾವೇ ಒಡೆದುಕೊಳ್ಳುತ್ತೇವೆ,” ಎಂದಳು ಅಳಿಲಮ್ಮ.

“ಧಾರಾಳವಾಗಿ!” ಎಂದು ಆನೆ ಪಕ್ಕಕ್ಕೆ ಸರಿದು ನಿಂತಿತು.

ಅಳಿಲಮ್ಮ ಒಳ್ಳೆಯ ಕಾಯಿಯೊಂದನ್ನು ಆರಿಸಿ ಹಿರಿಯ ಮಗಳ ಕೈಗಿಟ್ಟಳು. ಮಗಳು ಆದಷ್ಟೂ ಅಗಲವಾಗಿ ಬಾಯಿ ತೆರೆದಳು. ಬಾಗಿ ಬೆಳೆದ ಹಲ್ಲುಗಳ ನಡುವೆ ಕಾಯಿ ಹಿಡಿಸಲಿಲ್ಲ.