ಮೊಲಗಳ ಬಿಲದ ಹಳೇ ಲ್ಯಾಪ್‌ಟಾಪ್

ಹತ್ತಿರ ಬನ್ನಿ ಮಕ್ಕಳೇ, ಈ ಕತೆ ಸ್ವಲ್ಪ ಭಯದ್ದು. ಕುರುಚಲು ಕಾಡಿನ ಒಂದು ಗುಡ್ಡದಡಿ ಮೊಲಗಳ ರಾಜ್ಯ ಇತ್ತು. ರಾಜನ ಹೆಸರು ಉದ್ದಗಿವಿರಾಯ. ಕಿವಿ ಉದ್ದ, ಧೈರ್ಯ ಗಿಡ್ಡ.

ಆ ರಾಜ್ಯಕ್ಕೆ ಕೋಟೆ ಇಲ್ಲ, ಸೈನ್ಯ ಇಲ್ಲ. ಬಿಲದ ಬಾಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇತ್ತು, ಅಷ್ಟೇ. ಎದುರಿಗೆ ನರಿಯ ಮುಖ ಕಂಡರೆ ಸಾಕು, ಕೊಂಯ್ ಅಂತ ಕೂಗೋದು. ಆ ಕೂಗಿಗೆ ಗುಡ್ಡದ ಮೇಲಿನ ಕುರಿಗಾಹಿಯ ನಾಯಿಗಳು ಓಡಿ ಬರೋವು. ಲ್ಯಾಪ್‌ಟಾಪಿನ ಮೈ ಬೆಚ್ಚಗಿರುತ್ತೆ ಅಂತ ಮರಿಗಳೆಲ್ಲ ಅದಕ್ಕೇ ಒರಗಿ ಮಲಗೋವು. ಬೂದಜ್ಜಿಯ ಮೊಮ್ಮಗಳು ಕೆಂಚಿಗಂತೂ ಬೇರೆ ಕಡೆ ನಿದ್ದೆಯೇ ಬರುತ್ತಿರಲಿಲ್ಲ. ಇಡೀ ಬಿಲದಲ್ಲಿ ಕೆಂಚು ಕೂದಲಿನ ಮರಿ ಅಂದರೆ ಅವಳೊಬ್ಬಳೇ.

ಒಂದು ದಿನ ಲ್ಯಾಪ್‌ಟಾಪ್ ಕಾದು ಕೆಂಡವಾಗಿ, ಗುರ್ ಅಂದು ಆರಿಹೋಯಿತು. ಮತ್ತೆ ಹೊತ್ತಿಕೊಳ್ಳೋಷ್ಟರಲ್ಲಿ ಬಾಗಿಲ ಹತ್ತಿರ ಮೇಯುತ್ತಿದ್ದ ಮೊಲ ಕಾಣೆ.

"ರಿಪೇರಿ ಮಾಡಿಸೋದಾ, ಹೊಸದು ತರೋದಾ?" ರಾಜ ಕೇಳಿದ.

"ನಾಳೆ ನೋಡೋಣ ದೊರೆ," ಅಂದರು ಮಂತ್ರಿಗಳು.

ಮತ್ತೆ ಆರಿತು. ಇನ್ನೊಂದು ಮೊಲ ಕಾಣೆ.

"ರಿಪೇರಿನಾ, ಹೊಸದಾ?"

"ನಾಳೆ ನೋಡೋಣ ದೊರೆ."

ಮೂರನೇ ಸಲ ಆರಿತು. ಆಗ ಹೋದದ್ದು ಕೆಂಚಿ. ಲ್ಯಾಪ್‌ಟಾಪ್ ಆಮೇಲೆ ಹೊತ್ತಿಕೊಳ್ಳಲೂ ಇಲ್ಲ.

ಯಾರೂ ಹುಲ್ಲು ಮೇಯೋಕೆ ಹೊರಗೆ ಹೋಗಲಿಲ್ಲ. ತಾಯಂದಿರು ಮರಿಗಳನ್ನು ಹೊಟ್ಟೆಯಡಿ ಅಡಗಿಸಿಕೊಂಡು ಕೂತರು.

ಮರುದಿನ ರಿಪೇರಿಯವನೊಬ್ಬ ಬಂದ. ಮೂಗಿನವರೆಗೂ ಕಂಬಳಿ, ಕೈಯಲ್ಲಿ ಮಿರಮಿರ ಮಿಂಚುವ ಡಬ್ಬ. ಕಂಬಳಿಯಡಿಯಿಂದ ಪೊದೆಯಂಥ ಬಾಲದ ತುದಿ ಇಣುಕುತ್ತಿತ್ತು. ನಿಮಗೆ ಗೊತ್ತಾಯಿತಲ್ಲ? ಹೆದರಿದವರಿಗೆ ಗೊತ್ತಾಗಲಿಲ್ಲ.

"ಹಳೇದು ಸತ್ತುಹೋಗಿದೆ ದೊರೆ," ಅಂದ. "ಇಟ್ಕೊಂಡ್ರೆ ಸಾಯಂಕಾಲದೊಳಗೆ ಸಿಡಿದು ಬಿಲವೆಲ್ಲ ಭಸ್ಮ. ಅದನ್ನ ನಂಗೆ ಕೊಡಿ, ಈ ಹೊಸದು ಇಟ್ಕೊಳ್ಳಿ. ನಾನು ಹೋದ ಮೇಲೇ ಡಬ್ಬ ತೆಗೀಬೇಕು. ಈಗಲೇ ಸೀಲ್ ಒಡೆದ್ರೆ ಗ್ಯಾರಂಟಿ ಇಲ್ಲ."

ರಾಜ, "ತಗೊಂಡು ಹೋಗಪ್ಪ," ಅಂದುಬಿಟ್ಟ.

ಬೂದಜ್ಜಿ ಮಾತ್ರ ಒಂದನ್ನು ಗಮನಿಸಿದ್ದಳು. ಈ ರಿಪೇರಿಯವನು ಲ್ಯಾಪ್‌ಟಾಪಿನ ಹಿಂದೆಯೇ ಸುತ್ತುತ್ತಾನೆ, ಎದುರಿಗೆ ಬರುವುದೇ ಇಲ್ಲ. ಸತ್ತದ್ದಕ್ಕೆ ಯಾಕಿಷ್ಟು ಅಂಜಿಕೆ? ಅಜ್ಜಿ ಲ್ಯಾಪ್‌ಟಾಪಿನ ಹತ್ತಿರ ಹೋದಳು.

"ದೊರೆ, ನನ್ನ ಕೂಸು ಮಲಗ್ತಿದ್ದ ಜಾಗ. ಒಂದ್ಸಲ ಒರೆಸಿ ಕೊಡ್ತೀನಿ," ಅಂದಳು.

ಒರೆಸುವಾಗ ಪಕ್ಕದ ಸೀಳುಗಳಲ್ಲಿ ಉಗುರಿಗೆ ಏನೋ ಮೆತ್ತಗೆ ಸಿಕ್ಕಿತು. ಎಳೆದಳು. ಬಂದದ್ದು ಕೂದಲಿನ ಉಂಡೆ. ಒರಗಿ ಮಲಗಿದ ಮರಿಗಳ ಕೂದಲೆಲ್ಲ ಒಳಗೆ ಹೋಗಿ ಫ್ಯಾನು ಕಟ್ಟಿಕೊಂಡಿತ್ತು. ಪಾಪ, ಅದಕ್ಕೆ ಉಸಿರಾಡೋಕೇ ಜಾಗ ಇರಲಿಲ್ಲ. ಅಜ್ಜಿ ಸದ್ದಿಲ್ಲದೆ ಗುಂಡಿ ಒತ್ತಿದಳು. ಆದರೆ ಹಳೇದಲ್ಲವೇ, ಏಳೋಕೆ ಹೊತ್ತು ಬೇಕು. ಅಷ್ಟು ಹೊತ್ತು ಅವನನ್ನು ಮಾತಲ್ಲಿ ಹಿಡಿಯಬೇಕು.

"ಸತ್ತಿರೋದು ನಿಜಾನಾ ಅಣ್ಣ?"

"ನಿಜ ಅಜ್ಜಿ."

"ಮತ್ತೆ ಏಳಲ್ಲವಾ?"

"ಏಳಲ್ಲ ಅಜ್ಜಿ."

"ಹಾಗಾದ್ರೆ ಈ ಕಡೆಯಿಂದ ಎತ್ಕೋ. ಕಂಬಳಿ ಕಾಲಿಗೆ ಸಿಕ್ಕೀತು, ಅತ್ಲಾಗಿಡು."

ಸತ್ತದ್ದಕ್ಕೆ ಹೆದರೋದು ಏನು ಅಂತ ಅವನು ಕಂಬಳಿ ಕಿತ್ತೆಸೆದು, ಮುಂದೆ ಬಂದು ಬಗ್ಗಿದ. ತೆರೆ ಬೆಳಗಿತು. ನರಿಯ ಮುಖ ಅದರ ಎದುರಿಗೇ ಇತ್ತು.

ಕೊಂಯ್!

ಗುಡ್ಡದಿಂದ ನಾಯಿಗಳು ನುಗ್ಗಿ ಬಂದವು. ನರಿ ಬಿದ್ದು ಎದ್ದು ಓಡಿತು, ಅರ್ಧ ಬಾಲ ನಾಯಿಯ ಬಾಯಲ್ಲೇ ಉಳಿಯಿತು. ಡಬ್ಬ ಒಡೆದು ನೋಡಿದರೆ ಒಳಗೆ ಒಂದು ಚಪ್ಪಟೆ ಕಲ್ಲು.

ಕೇಳಿಕೊಳ್ಳಿ ಮಕ್ಕಳೇ. ಕೆಟ್ಟದ್ದನ್ನು ನಾಳೆಗೆ ಬಿಡಬೇಡಿ, ಮೊದಲು ಬಿಚ್ಚಿ ನೋಡಿ. ಹೆದರಿಸಿ ಹೊಸದು ಕೊಡೋನು ಹಳೇದನ್ನು ಯಾಕೆ ಕೇಳುತ್ತಾನೆ ಅಂತಲೂ ನೋಡಿ.

ರಾಜ ಆಮೇಲೆ ವಾರಕ್ಕೊಮ್ಮೆ ತಾನೇ ಕೂತು ಕೂದಲು ತೆಗೆಯುತ್ತಿದ್ದ. ಬೂದಜ್ಜಿ ಅವತ್ತಿನ ಉಂಡೆಯನ್ನು ಎಸೆಯಲಿಲ್ಲ. ಅದರೊಳಗೆ ಒಂದಿಷ್ಟು ಕೆಂಚು ಕೂದಲಿತ್ತು.