ಶಾವಕ್ಕನ ಹೆಸರಿನ ಷೇರುಗಳು

ನೀಲಾಂಬಿಕಾ ಹಂಚಿನಾಳ ಎಂಬಾಕೆ ಮಠಕ್ಕೆ ಬಂದಾಗಲೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು, ಮೊಬೈಲೂ ಬಿಡುತ್ತಿದ್ದಳು. ಚಪ್ಪಲಿ ಬಿಡುವುದು ಸುಲಭ. ಮೊಬೈಲು ಬಿಟ್ಟ ಮೇಲೂ ಅವಳ ಹೆಬ್ಬೆರಳು ಬಹಳ ಹೊತ್ತು ಸುಮ್ಮನಿರುತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಅವಳದೊಂದು ಷೇರು ದಲ್ಲಾಳಿ ಆಫೀಸು. ಜನ ಅಲ್ಲಿ ತಮ್ಮ ಹೆಸರಿನಲ್ಲಿ ಖಾತೆ ತೆರೆಯುತ್ತಿದ್ದರು, ಅವಳ ಮೂಲಕ ಷೇರು ಕೊಳ್ಳುತ್ತಿದ್ದರು, ಮಾರುತ್ತಿದ್ದರು. ಅವಳಿಗೆ ಅದರಲ್ಲಿ ಚೂರು ದಲಾಲಿ ಸಿಗುತ್ತಿತ್ತು.

ಮಲಪ್ರಭೆಯ ದಂಡೆಯ ಆ ಸಣ್ಣ ಮಠದ ಗುರುಪಾದಜ್ಜ ಅವಳ ಗುರು. ನಗು ಬಂದರೆ ಹೆಗಲು, ಹೊಟ್ಟೆ, ಗಡ್ಡ ಎಲ್ಲ ಸೇರಿ ನಗುವ ಮುದುಕ.

ಆ ದಿನ ಅಜ್ಜ ಬದನೆ ಗಿಡಗಳಿಗೆ ನೀರು ಹಾಕುತ್ತಿದ್ದರು.

"ಅಜ್ಜಾರ, ಮಂದಿ ಮ್ಯಾಲೆ ಅನುಮಾನ ಪಡೂದು ತಪ್ಪಲ್ಲೇನ್ರಿ?"

"ಯಾರ ಮ್ಯಾಲೆ?"

"ಹೆಸರು ಹೇಳಂಗಿಲ್ರಿ. ಬೇಕಾದವರು."

"ಹೆಸರು ಯಾಕ? ವಿಷಯ ಹೇಳು."

ಅವಳು ನುಂಗಿಕೊಂಡ ಹೆಸರು ಫಕೀರಗೌಡರದು. ಅವಳು ಮೊದಲು ಬೋರ್ಡು ಹಾಕಿದಾಗ, ಹೆಣ್ಣುಮಗಳ ಕೈಯಲ್ಲಿ ಷೇರು ಎಂಥದು ಎಂದು ಜನ ಬಾಗಿಲತನಕ ಬಂದು ತಿರುಗಿ ಹೋಗುತ್ತಿದ್ದರು. ಒಳಗೆ ಬಂದು ಕುರ್ಚಿ ಎಳೆದು ಕೂತವರು ಗೌಡರೇ ಮೊದಲು. ಆಮೇಲೆ ತಮ್ಮ ಬೀಗರು, ಬಿಜ್ಜರು, ಗೆಳೆಯರು ಎಲ್ಲರನ್ನೂ ಕರೆತಂದರು. ಈಗ ಆಫೀಸಿನ ಅರ್ಧ ಗಳಿಕೆ ಅವರ ಕಡೆಯದೇ.

ಹೋದ ಸುಗ್ಗಿಯಲ್ಲಿ ಅವರು ತಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಶಾವಕ್ಕನನ್ನೂ ಕರೆತಂದರು. ಅವಳ ಹೆಸರಿನಲ್ಲಿ ಒಂದು ಖಾತೆ. ಫೋಟೋ, ಸಹಿ, ಬ್ಯಾಂಕಿನ ಪುಸ್ತಕ, ಎಲ್ಲ ಸರಿಯಾಗಿತ್ತು. ನೀಲಾಂಬಿಕಾ ಖಾತೆ ತೆರೆದಳು.

ಶಾವಕ್ಕನ ಹೆಸರಿನಲ್ಲಿ ಮೊದಲು ಸಣ್ಣದಾಗಿ ಷೇರು ಬಂದವು. ಆಮೇಲೆ ಊರಿನ ಡಾಕ್ಟರಿಗೂ ಕೊಳ್ಳಲಾಗದಷ್ಟು ಬಂದವು. ಇನ್ನೂ ದೊಡ್ಡದು ಬರುತ್ತದೆ ಎಂದು ಗೌಡರು ಫೋನಿನಲ್ಲಿ ಹೇಳಿದ್ದರು.

ಹೆಸರು ಬಿಟ್ಟು ಇದನ್ನೆಲ್ಲ ಅಜ್ಜನಿಗೆ ಹೇಳಿದಳು.

"ರೊಕ್ಕದ ಹಿಂದ ಇರೂ ಮನಿಶಾ ಯಾರಂತ ತಿಳ್ಕೋಬೇಕು ಅಂತ ಕಾಯ್ದೆ ಐತ್ರಿ. ಕೇಳಿದ್ರ ಅವರಿಗೆ ಬ್ಯಾಸರ ಆಗತೈತಿ. ಕೇಳದಿದ್ರ ನನಗ ನಿದ್ದಿ ಹತ್ತೂದಿಲ್ಲ. ಏನು ಮಾಡ್ಲಿ?"

ಅಜ್ಜ ತಂಬಿಗೆ ಕೆಳಗಿಟ್ಟರು.

"ಇವತ್ತು ಅಮಾಸಿ. ಮಂದಿ ಹೊಳಿಗೆ ಬರ್ತಾರ. ಬಾಗಲದಾಗ ಕುಂದ್ರೂ ಸಿದ್ದವ್ವಗ ಮೊಣಕಾಲು ಹಿಡದೈತಿ. ಆಕೀ ಜಾಗಾದಾಗ ನೀ ಕುಂದ್ರು."

"ನನ್ನ ಪ್ರಶ್ನಿಗೆ ಉತ್ತರ?"

"ಮೊದಲ ಕುಂದ್ರು."

ಅವಳು ಹೋಗಿ ಬಾಗಿಲಲ್ಲಿ ಕೂತಳು. ಕೆಲಸ ಕೊಟ್ಟರೆ ಚೊಕ್ಕ ಮಾಡುವವಳು. ಊಟಕ್ಕೆ ಬಂದವರನ್ನೆಲ್ಲ ನಿಲ್ಲಿಸಿದಳು. ಯಾವೂರು, ಯಾರ ಪೈಕಿ, ಏನು ಕೆಲಸ? ಸಾಲು ಬೆಳೆದು ಬೇವಿನ ಮರದತನಕ ಹೋಯಿತು.

ಧೂಳು ಮೈಯ ಒಬ್ಬ ಗಟ್ಟಿಯಾಗಿ ಹೇಳಿದ: "ಯಕ್ಕಾರ, ನಾ ಉಣ್ಣಾಕ ಬಂದೇನ್ರಿ. ಹೆಣ್ಣು ಕೇಳಾಕ ಬಂದಿಲ್ಲ!"

ಸಾಲಿಗೆ ಸಾಲೇ ನಕ್ಕಿತು. ಅಜ್ಜ ಹೊರಗೆ ಬಂದರು.

"ಹಸದವರ ಹೆಸರು ತಗೊಂಡು ಏನು ಮಾಡ್ತಿ, ಮಗಳ? ಕೇಳಬ್ಯಾಡ. ಒಳಗ ಬಿಡು."

ಅವಳು ಕೇಳುವುದನ್ನು ನಿಲ್ಲಿಸಿದಳು.

ಸ್ವಲ್ಪ ಹೊತ್ತಿಗೆ ಸ್ನಾನಕ್ಕೆ ಹೋಗುವವರು ಬಂದರು. "ನೋಡ್ಕೋರಿ ಯವ್ವಾ" ಎನ್ನುತ್ತ ಗಂಟು, ಚೀಲ, ಬುಟ್ಟಿಗಳನ್ನು ಅವಳ ಪಕ್ಕದಲ್ಲಿ ಇಟ್ಟು ಹೊಳೆಗೆ ಇಳಿದರು. ಅವಳು ತಲೆ ಅಲ್ಲಾಡಿಸಿದಳು, ಅಷ್ಟೇ. ಯಾರನ್ನೂ ಏನೂ ಕೇಳಲಿಲ್ಲ. ಸಾಮಾನು ಅವಳ ಭುಜದ ಎತ್ತರಕ್ಕೆ ಬೆಳೆಯಿತು.

ಒಳಗೆ ಅಜ್ಜ ಪ್ರವಚನಕ್ಕೆ ಕೂತರು. ಕಣ್ಣು ಮುಚ್ಚಿ, "ಮನಸ್ಸು ಅನ್ನೂದು..." ಎಂದರು.

ಹುಂಜ ಕೂಗಿತು.

ಅಜ್ಜ ಒಂದು ಕಣ್ಣು ತೆರೆದರು. ಮತ್ತೆ ಮುಚ್ಚಿದರು. "ಮನಸ್ಸು ಅನ್ನೂದು..."

ಹುಂಜ ಇನ್ನೂ ಜೋರಾಗಿ ಕೂಗಿತು.

ಕೂತವರು ಸೆರಗು, ಟವೆಲ್ಲು ಬಾಯಿಗೆ ಒತ್ತಿಕೊಂಡರು. ಅಜ್ಜನ ಗಡ್ಡ ಅಲುಗಾಡತೊಡಗಿತು. ಆಮೇಲೆ ಯಾರೂ ತಡೆಯಲಿಲ್ಲ. ಮಠವೇ ನಕ್ಕಿತು.

ನೀಲಾಂಬಿಕಾ ಸಾಮಾನು ಸರಿಸಿ ನೋಡಿದಳು. ಬಟ್ಟೆ ಮುಚ್ಚಿದ ಒಂದು ಬುಟ್ಟಿಯಲ್ಲಿ ಕೆಂಪು ಜುಟ್ಟಿನ ದೊಡ್ಡ ಹುಂಜ ಕೂತು ಅವಳನ್ನೇ ನೋಡುತ್ತಿತ್ತು.

ಬುಟ್ಟಿ ಇಟ್ಟವನನ್ನು ಹುಡುಕಿ ಕರೆತಂದರು. ಅವನ ತಲೆಯಿಂದ ಇನ್ನೂ ನೀರು ಸೋರುತ್ತಿತ್ತು.

"ನಂದಲ್ರಿ ಅಜ್ಜಾರ! ಬಸ್ಸಿನ್ಯಾಗ ಒಬ್ಬಾಂವ ಚೂರು ಹಿಡಕೋ ಅಂದ. ಹಿಡಕೊಂಡೆ. ಇಳದು ನೋಡಿದ್ರ ಅಂವ ಇಲ್ಲ."

"ಯಾರು ಏನಂತ ಕೇಳಲಿಲ್ಲೇನು?"

"ನೋಡಾಕ ಮರ್ಯಾದಸ್ತರಂಗ ಇದ್ರು. ಹ್ಯಾಂಗ ಕೇಳೂದ್ರಿ?"

ಅಜ್ಜ ನೀಲಾಂಬಿಕಾ ಕಡೆ ತಿರುಗಿದರು. "ಹುಂಜ ಎಲ್ಲಿ ಕೂಗ್ತು?"

"ಮಠದಾಗ್ರಿ."

"ನಾಳೆ ಸಂತ್ಯಾಗ ಮಂದಿ ಏನಂತಾರ? ಆ ಬಸ್ಸಿನಾವನ ಹುಂಜ ಅಂತಾರೇನು?"

"ಮಠದ ಹುಂಜ ಅಂತಾರ್ರಿ."

"ಮತ್ತ ನೀ ಯಾಕ ಕೇಳಲಿಲ್ಲ?"

"ಕೇಳಬ್ಯಾಡ ಅಂದಾವ್ರು ನೀವ!"

"ಉಣ್ಣಾಕ ಬಂದವರನ್ನ ಕೇಳಬ್ಯಾಡ ಅಂದೆ. ಇಟ್ಟು ಹೋಗೂವರನ್ನ ಕೇಳಬ್ಯಾಡ ಅಂದಿದ್ನೇನು?"

ಹುಂಜವನ್ನು ಅಂಬಿಗರ ದುರಗಪ್ಪ ಒಯ್ದ, ಒಡೆಯ ಬಂದರೆ ಕೊಡುವ ಮಾತಿನ ಮೇಲೆ.

ನೀಲಾಂಬಿಕಾ ಬಾಗಿಲಿಗೆ ಮರಳಿದಳು. ಸ್ನಾನ ಮುಗಿಸಿ ಬಂದವರನ್ನೂ ಹೊಸದಾಗಿ ಇಡಲು ಬಂದವರನ್ನೂ ಈಗ ಕೇಳಿದಳು. ಯಾರದು? ಒಳಗೇನೈತಿ?

ಕೇಳಿದ್ದೇ ತಡ ಒಬ್ಬ ಮುದುಕಿ ಗಂಟು ಬಿಚ್ಚಿ ಹರವಿದಳು. ಮೊಮ್ಮಗಳ ಕಾಲ್ಗೆಜ್ಜೆ, ಕಡಕ್ ರೊಟ್ಟಿ, ಸೊಸೆಗೆ ಗೊತ್ತಾಗದ ಹಾಗೆ ಕಟ್ಟಿಕೊಂಡ ಬೆಲ್ಲ. ಬೆಲ್ಲದಲ್ಲಿ ಒಂದು ಚೂರು ನೀಲಾಂಬಿಕಾಳ ಬಾಯಿಗೂ ಬಿತ್ತು. ಒಬ್ಬನೇ ಒಬ್ಬ, "ನನ್ನ ಕಳ್ಳ ಅಂದ್ಕೊಂಡಿಯೇನು?" ಎಂದು ಚೀಲ ಕಸಿದುಕೊಂಡು ದರದರ ನಡೆದುಬಿಟ್ಟ.

ಸಂಜೆ ಅವಳು ಅಜ್ಜನಿಗೆ ಹೇಳಿದಳು: "ಒಬ್ಬಾಂವ ಸಿಟ್ಟಾಗಿ ಹೋದ್ರಿ."

"ಉಳದವರು?"

"ತಾವ ಬಿಚ್ಚಿ ತೋರಿಸಿದ್ರು."

ಅಜ್ಜ ತಂಬಿಗೆ ತೆಗೆದುಕೊಂಡು ಬದನೆ ಗಿಡಗಳ ಕಡೆ ಹೊರಟರು.

ಮರುದಿನ ನೀಲಾಂಬಿಕಾ ಶಾವಕ್ಕನಿಗೆ ಹೇಳಿ ಕಳಿಸಿದಳು. ಶಾವಕ್ಕ ಹೊಸ ಸೀರೆ ಉಟ್ಟು ಬಂದಳು, ಎಲ್ಲಿಗೆ ಹೋದರೂ ನಗುತ್ತಲೇ ಹೋಗುವ ಹೆಂಗಸು.

"ಶಾವಕ್ಕಾ, ನಿನ್ನ ಹೆಸರಿನ್ಯಾಗ ಇಷ್ಟು ಷೇರು ಅದಾವಲ್ಲ, ಯಾರವು ಅವು?"

"ಸೇರ? ನಮ್ಮ ಮನ್ಯಾಗ ಇರೂದು ಒಂದ ಸೇರ್ರಿ ಯಕ್ಕಾರ. ಜ್ವಾಳ ಅಳಿಯೂದು. ಅದಕ್ಕೂ ತಳ ತೂತು!"

ನೀಲಾಂಬಿಕಾ ನಕ್ಕಳು. ಶಾವಕ್ಕನೂ ನಕ್ಕಳು.

"ಮತ್ತ ಸಹಿ ಯಾಕ ಮಾಡಿದಿ?"

"ಪಗಾರ ಬ್ಯಾಂಕಿನ್ಯಾಗ ಹಾಕ್ತೀವಿ ಅಂದ್ರು ಗೌಡ್ರು. ಮಾಡು ಅಂದಲ್ಲೆ ಮಾಡಿದೆ. ತಪ್ಪಾತೇನ್ರಿ?"

ನೀಲಾಂಬಿಕಾಳ ನಗು ಅಲ್ಲಿಗೇ ನಿಂತಿತು. ನಾಳೆ ಯಾರಾದರೂ ಈ ಷೇರುಗಳ ಬೆನ್ನು ಹತ್ತಿ ಬಂದರೆ ಮೊದಲು ಬಡಿಯುವುದು ಶಾವಕ್ಕನ ಮನೆಯ ಬಾಗಿಲು. ಆ ಬಾಗಿಲಿನ ದಾರಿ ತೋರುವಂತೆ ಖಾತೆಯಲ್ಲಿ ಅವಳ ಹೆಸರು ಬರೆದವಳು ತಾನೇ. ಆ ದಿನ ಕಾಗದ ನೋಡಿದ್ದಳು, ಎದುರಿಗೆ ಕೂತ ಈ ಮುಖವನ್ನು ಸರಿಯಾಗಿ ನೋಡಿರಲಿಲ್ಲ.

"ನಿನ್ನ ತಪ್ಪಲ್ಲ, ಶಾವಕ್ಕಾ" ಎಂದಳು. "ಕೇಳಬೇಕಾದಾಕಿ ನಾನು."

ಅದೇ ವಾರ ಗೌಡರು ಬಂದರು. ದೊಡ್ಡ ಮೊತ್ತ ಬರುತ್ತಿದೆ, ಶಾವಕ್ಕನ ಖಾತೆಗೇ ಹಾಕು ಎಂದರು.

"ಗೌಡ್ರ, ಇದು ಯಾರ ರೊಕ್ಕಾರಿ?"

"ಶಾವಕ್ಕಂದು" ಎಂದು ಗೌಡರು ನಕ್ಕರು.

"ಆಕೀ ಪಗಾರ ಎಷ್ಟ್ರಿ?"

ಗೌಡರ ನಗು ಇಳಿಯಿತು. "ತಂಗಿ, ನಿನ್ನ ಆಫೀಸಿನ್ಯಾಗ ಮೊದಲ ಬಂದು ಕುಂತಾಂವ ನಾ."

"ಹೌದ್ರಿ. ಅದಕ್ಕ ಕೇಳಾಕ ನಾಲಿಗಿ ಏಳವಲ್ದು. ಆದ್ರೂ ಕೇಳ್ತೀನಿ. ಯಾರ ರೊಕ್ಕಾರಿ?"

ಗೌಡರು ಹೆಗಲ ಮೇಲಿನ ಶಲ್ಯ ಕೊಡವಿ ಎದ್ದುಹೋದರು. ಕೆಲವೇ ದಿನಗಳಲ್ಲಿ ಅವರ ಖಾತೆ, ಅವರ ಬೀಗರ ಖಾತೆ, ಗೆಳೆಯರ ಖಾತೆ ಎಲ್ಲ ಬೇರೆ ಆಫೀಸಿಗೆ ಹೋದವು.

ಅನುಮಾನ ಬಂದ ವ್ಯವಹಾರವನ್ನು ದಲ್ಲಾಳಿಗಳು ತಿಳಿಸಬೇಕಾದ ಸರಕಾರಿ ಕಚೇರಿಯೊಂದು ದಿಲ್ಲಿಯಲ್ಲಿದೆ. ಗೌಡರು ಎದ್ದುಹೋದ ದಿನವೇ ನೀಲಾಂಬಿಕಾ ಕಂಡದ್ದು, ಕೇಳಿದ್ದು, ಶಾವಕ್ಕ ಹೇಳಿದ್ದು ಎಲ್ಲವನ್ನೂ ಅಲ್ಲಿಗೆ ತಿಳಿಸಿದ್ದಳು. ತಿಳಿಸಿದೆನೆಂದು ಆಮೇಲೆ ಯಾರಿಗೂ ಹೇಳುವಂತಿಲ್ಲ. ಗಿರಾಕಿಗಂತೂ ಸುಳಿವೂ ಕೊಡುವಂತಿಲ್ಲ. ಅದೂ ಕಾಯ್ದೆಯೇ.

ಗಳಿಕೆ ಅರ್ಧಕ್ಕೆ ಇಳಿಯಿತು. ಆಫೀಸಿನ ಒಂದು ಕೋಣೆ ಬಿಟ್ಟುಕೊಟ್ಟಳು. ಕೆಲಸದವರನ್ನು ಯಾರನ್ನೂ ಬಿಡಲಿಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತರು. ಹೋಟೆಲಿನ ಚಹಾ ನಿಂತು, ಮೂಲೆಯಲ್ಲಿ ಒಂದು ಸ್ಟೋವು ಬಂತು.

ಅದೆಲ್ಲ ಅವಳಿಗೆ ಭಾರವಾಗಲಿಲ್ಲ. ಭಾರವಾದದ್ದು ಹೇಳಬಾರದ ಮಾತು. ಅದನ್ನು ಹೊತ್ತುಕೊಂಡು ಮಠಕ್ಕೆ ಬಂದಳು.

"ಅಜ್ಜಾರ, ನಾ ಒಂದು ಕೆಲಸ ಮಾಡೀನಿ. ಯಾರ ಮುಂದೂ ಆಡಂಗಿಲ್ಲಂತ. ನಿಮ್ಮ ಮುಂದ ಆಡಬಹುದಲ್ರಿ?"

"ಏನಂದಿ?"

"ನಿಮ್ಮ ಮುಂದ ಹೇಳಬಹುದೇನಂದೆ."

"ಏನು, ಮಗಳ? ಕಿವಿ ಕೇಳವಲ್ವು."

ಅವಳು ಅದೇ ಪ್ರಶ್ನೆಯನ್ನು ಕೂಗಿ ಕೇಳಿದಳು. ಗೋಡೆಯ ಮೇಲಿನ ಕಾಗೆ ಹಾರಿಹೋಯಿತು. ಅಜ್ಜ ಪಾಪದ ಮುಖ ಮಾಡಿ ಕಿವಿಗೆ ಕೈ ಒಡ್ಡಿಕೊಂಡೇ ಕೂತಿದ್ದರು.

ಒಳಗಿನ ಅಡುಗೆಮನೆಯಿಂದ ಸಿದ್ದವ್ವನ ಸಣ್ಣ ದನಿ ಬಂತು: "ಅಜ್ಜಾರ, ಹೋಳಿಗಿಗೆ ತುಪ್ಪ ಹಾಕ್ಲೇನ್ರಿ?"

"ಹಾಕು! ಕೈ ಬಿಟ್ಟು ಹಾಕು!"

ನೀಲಾಂಬಿಕಾ ಸೊಂಟಕ್ಕೆ ಕೈ ಇಟ್ಟಳು. "ಆ ಮಾತು ಹ್ಯಾಂಗ ಕೇಳಿಸ್ತ್ರಿ?"

"ನನಗ ಹೇಳಬಹುದಾದ ಮಾತು ಅಷ್ಟ ಕೇಳಿಸ್ತಾವ."

ಅವಳಿಗೆ ಅರ್ಥವಾಯಿತು. ಆಮೇಲೆ ನಗು ತಡೆಯಲಾಗಲಿಲ್ಲ. ತುಪ್ಪದಲ್ಲಿ ಮುಳುಗಿದ ಹೋಳಿಗೆ ತಿಂದಳು, ಇನ್ನೊಂದು ಹಾಕಿಸಿಕೊಂಡಳು. ಹೇಳಬಾರದ ಮಾತು ಬಾಯಿಂದ ಹೊರಗೆ ಬರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಅಧಿಕಾರಿಗಳು ಬಂದರು, ಎಲ್ಲರನ್ನೂ ವಿಚಾರಿಸಿದರು. ರೊಕ್ಕ ಶಾವಕ್ಕನದಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದು ಗೌಡರದೂ ಆಗಿರಲಿಲ್ಲ. ಗೌಡರ ಹೆಂಡತಿಯ ತಮ್ಮ ಇಲ್ಲದ ಸೈಟುಗಳನ್ನು ತೋರಿಸಿ ನೂರಾರು ಜನರಿಂದ ಎತ್ತಿದ ರೊಕ್ಕ ಅದು. ಸ್ವಲ್ಪ ದಿನ ನಿಮ್ಮ ಕಡೆ ಇರಲಿ ಮಾವ, ನಿಮ್ಮ ಹೆಸರಿನಲ್ಲಿ ಮಾತ್ರ ಬೇಡ ಎಂದಿದ್ದ. ಗೌಡರು ಯಾಕೆಂದು ಕೇಳಿರಲಿಲ್ಲ.

ಶಾವಕ್ಕನ ಹೆಸರಿನ ಷೇರುಗಳು ಮಾರಿಹೋಗುವ ಮೊದಲೇ ಸರಕಾರದ ತಡೆ ಬಿತ್ತು. ಸೈಟಿಗೆ ಕೊಟ್ಟವರಿಗೆ ರೊಕ್ಕ ಮರಳುವ ದಾರಿ ಉಳಿಯಿತು. ಶಾವಕ್ಕನನ್ನು ಒಮ್ಮೆ ಕರೆದು ಕೇಳಿ ಮನೆಗೆ ಕಳಿಸಿದರು. ಗೌಡರು ಮಾತ್ರ ಕಚೇರಿಯಿಂದ ಕಚೇರಿಗೆ ಬಹಳ ಅಲೆದರು.

ಒಂದು ಮಧ್ಯಾಹ್ನ ಅವರು ಒಬ್ಬರೇ ನೀಲಾಂಬಿಕಾಳ ಆಫೀಸಿಗೆ ಬಂದರು. ಮೊದಲಿದ್ದ ಕುರ್ಚಿ ಕಾಣದೆ ಸ್ಟೂಲಿನ ಮೇಲೆ ಕೂತರು. ಅವಳು ಎದ್ದು ಹೋಗಿ ಸ್ಟೋವು ಹಚ್ಚಿ ಚಹಾ ಮಾಡಿ ತಂದಳು.

"ನೀ ನನ್ನ ಕೇಳಿದ್ದಿ, ತಂಗಿ" ಎಂದರು ಗೌಡರು. "ನಾನೂ ಹೆಂಡತಿ ತಮ್ಮನ್ನ ಹಂಗ ಕೇಳಿದ್ರ ಇಷ್ಟೆಲ್ಲ ಆಗ್ತಿರಲಿಲ್ಲ. ನಮ್ಮಂವ ಅಂತ ಬಿಟ್ಟೆ."

ಅವಳು ಕಪ್ಪು ಬಸಿ ಅವರ ಮುಂದೆ ಸರಿಸಿದಳು.

"ಒಂದು ಮಾತು ಹೇಳು. ಸರಕಾರಕ್ಕ ತಿಳಿಸಿದಾಕಿ ನೀನ ಏನು?"

ಹೌದೆನ್ನುವಂತಿರಲಿಲ್ಲ. ಅಲ್ಲವೆನ್ನಲು ಮನಸ್ಸು ಒಪ್ಪಲಿಲ್ಲ. ಗೌಡರ ಕಣ್ಣು ತಪ್ಪಿಸಲೂ ಇಲ್ಲ.

"ಚಹಾ ಆರತೈತ್ರಿ, ಗೌಡ್ರ."

ಗೌಡರು ಚಹಾ ಬಸಿಗೆ ಸುರುವಿಕೊಂಡು ಸುರ್ ಎಂದು ಕುಡಿದರು.

"ಎಲ್ಲಾ ಮುಗದ ಮ್ಯಾಲೆ ನಂದೊಂದು ಖಾತೆ ತೆಗಿ. ಸಣ್ಣದು. ನಂದಷ್ಟ."

"ಕೇಳೂದು ಭಾಳ ಇರತೈತ್ರಿ ಈ ಸಲ."

"ಕೇಳು, ತಂಗಿ. ಮನ್ಯಾಗ ಈಗ ನಾನೂ ಎಲ್ಲಾರನ್ನೂ ಕೇಳಾಕ ಹತ್ತೀನಿ. ಹೆಂಡತಿ ಬೈತಾಳ."

ಇಬ್ಬರೂ ನಕ್ಕರು.

ಆದರೆ ಆ ರವಿವಾರ ಅವಳು ಮಠದ ಮೆಟ್ಟಿಲ ಮೇಲೆ ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು. ಅಜ್ಜ ಬಂದು ಪಕ್ಕದಲ್ಲಿ ಕೂತರು. ಮಳೆ ನಿಂತು ಹೊಳೆ ತಿಳಿಯಾಗಿ ಹರಿಯುತ್ತಿತ್ತು.

"ಅಜ್ಜಾರ, ಒಬ್ಬರು ಒಂದು ಮಾತು ಕೇಳಿದ್ರು. ಹೇಳೂ ಹಂಗಿರಲಿಲ್ಲ. ಸುಮ್ಮನಿದ್ದೆ."

ಈ ಸಲ ಅಜ್ಜನ ಕಿವಿ ಚೆನ್ನಾಗಿ ಕೇಳುತ್ತಿತ್ತು. "ಆಮ್ಯಾಲೆ?"

"ನಕ್ಕೋತ ಹೋದ್ರು. ನಂಬಿದವರಿಗೆ ಸುಳ್ಳಾಡಿದಂಗ ಆತೇನೋ ಅಂತ ಮನಸ್ಸು ಚುಚ್ಚತೈತ್ರಿ."

"ಬಂದವರಿಗೆ ಏನರ ಕೊಟ್ಟಿ?"

"ಚಹಾ ಕೊಟ್ಟೆ."

"ಯಾರು ಮಾಡಿದ್ದು?"

"ನಾನ ಮಾಡಿದೆ."

"ಸಕ್ಕರಿ?"

"ಅವರಿಗೆ ಸೇರುವಷ್ಟು ಹಾಕಿದ್ದೆ."

ಅಜ್ಜ ಹೊಳೆಯ ಕಡೆ ನೋಡುತ್ತ ಹೇಳಿದರು:

"ಹಂಗಾರ ಹೇಳಬಾರದ್ದು ಹೇಳಲಿಲ್ಲ, ಕೊಟ್ಟದ್ದು ಖರೇನ ಕೊಟ್ಟಿ. ಸುಳ್ಳು ಎಲ್ಲಿ ಆಡಿದಿ, ಮಗಳ?"